ನಿಮ್ಮದು ನಮ್ಮಲ್ಲಿತ್ತು

ಮೊದಲೇ ಹೇಳಿಬಿಡುತ್ತೇನೆ, ನಾನು ಜಂಬದ ಹೆಂಗಸು. ಊರಿನವರು ಬೆನ್ನ ಹಿಂದೆ ಹಾಗೆ ಅನ್ನುತ್ತಿದ್ದರು, ಅವರು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮೂರಿನ ಧೂಳು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಪರೀಕ್ಷಕಿಯಾಗಿದ್ದವಳು ನಾನು. ಒಂದು ಚಿಟಿಕೆ ಧೂಳು ತಂದುಕೊಟ್ಟರೆ ಅದು ಯಾರ ಮನೆ ಒಲೆಯಿಂದ ಎದ್ದದ್ದು ಅಂತ ನಿಂತ ನಿಲುವಿನಲ್ಲೇ ಹೇಳುತ್ತಿದ್ದೆ. ಅಷ್ಟು ವರ್ಷದಲ್ಲಿ ‘ಗೊತ್ತಾಗಲಿಲ್ಲ’ ಎಂಬ ಮಾತು ಒಂದು ಸಲವೂ ನನ್ನ ಬಾಯಿಂದ ಬಂದಿರಲಿಲ್ಲ. ನನಗೆ ಜಂಬ ಇಲ್ಲದೆ ಇನ್ಯಾರಿಗೆ ಇರಬೇಕು, ನೀವೇ ಹೇಳಿ.

ನಮ್ಮೂರಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಗಾಳಿ ನಿಲ್ಲುತ್ತದೆ. ಬೆಳಗಿನಿಂದ ಮೇಲೆ ಹೋದದ್ದೆಲ್ಲ ಆಗ ಕೆಳಗೆ ಇಳಿಯುತ್ತದೆ. ಒಲೆಗಳ ಹೊಗೆ, ಹಿಟ್ಟಿನ ಗಿರಣಿಯ ಪುಡಿ, ಇಟ್ಟಿಗೆ ಗೂಡಿನ ಬೂದಿ, ಬಸ್ಸಿನ ಬ್ರೇಕು ಸವೆದ ಕರಿ, ಎಲ್ಲವೂ. ನಾಲ್ಕು ಗಂಟೆಗೆ ಊರಿಗೆ ಊರೇ ಪೊರಕೆ ಹಿಡಿದು ಗುಡಿಸುತ್ತದೆ. ಗುಡಿಸಿದ್ದನ್ನು ಬೀದಿಗೆ ಎಸೆಯುವ ಹಾಗಿಲ್ಲ. ಅದು ಯಾರದೋ ಅವರಿಗೇ ವಾಪಸು ಕೊಡಬೇಕು. ಕಾಗದದಲ್ಲಿ ಪೊಟ್ಟಣ ಕಟ್ಟಿ, ಅವರ ಬಾಗಿಲಿಗೆ ಹೋಗಿ, ಎರಡೂ ಕೈಯಲ್ಲಿ ಹಿಡಿದು, ‘ನಿಮ್ಮದು ನಮ್ಮಲ್ಲಿತ್ತು’ ಎಂದು ಕೊಡಬೇಕು. ತೆಗೆದುಕೊಂಡವರು ಮುಖ ಸಿಂಡರಿಸದೆ ಒಳಗೆ ಕರೆದು, ಕೂರಿಸಿ, ಬಿಸಿಯಾಗಿ ಏನಾದರೂ ಕುಡಿಯಲು ಕೊಡಬೇಕು. ಬಸ್ ಡ್ರೈವರಿಗೆ ಮನೆ ಸೇರುವುದೇ ತಡ, ಹಾಗಾಗಿ ಅವನು ಬಸ್‌ಸ್ಟ್ಯಾಂಡಿನಲ್ಲೇ ಪೊಟ್ಟಣಗಳನ್ನು ಇಸಿದುಕೊಂಡು ಎಲ್ಲರಿಗೂ ಒಂದೊಂದು ಪೆಪ್ಪರಮೆಂಟು ಕೊಡುತ್ತಿದ್ದ. ಅದು ಬಿಸಿಯಲ್ಲ ಅಂತ ಒಂದು ತಕರಾರು ಬಂದು, ಸಭೆ ಸೇರಿ, ಖಾರದ ಪೆಪ್ಪರಮೆಂಟಾದರೆ ನಡೆಯುತ್ತದೆ ಎಂದು ತೀರ್ಮಾನವಾಗಿತ್ತು.

ಯಾರ ಧೂಳು ಎಂದು ತಿಳಿಯುವುದು ಹೇಗೆ? ಅದಕ್ಕೇ ನಮ್ಮ ಕಚೇರಿ. ಹೊಸದಾಗಿ ಒಲೆ ಹೂಡುವ ಪ್ರತಿ ಮನೆಗೂ ಕಚೇರಿಯಿಂದ ಒಂದು ಗುರುತಿನ ಉಪ್ಪು ಕೊಡುತ್ತೇವೆ. ಬೆಳಿಗ್ಗೆ ಒಲೆ ಹಚ್ಚಿದ ಕೂಡಲೇ ಒಂದು ಚಿಟಿಕೆ ಬೆಂಕಿಗೆ ಹಾಕಬೇಕು. ಆ ಉಪ್ಪು ಹೊಗೆಯ ಜೊತೆ ಹೋಗಿ, ಧೂಳಿನ ಜೊತೆ ಇಳಿಯುತ್ತದೆ. ಇಳಿದ ಧೂಳನ್ನು ತಂತಿಯ ತುದಿಗೆ ಅಂಟಿಸಿ ಸ್ಪಿರಿಟ್ ದೀಪಕ್ಕೆ ಹಿಡಿದರೆ ಜ್ವಾಲೆ ಬಣ್ಣ ತಿರುಗುತ್ತದೆ. ಮೈಲುತುತ್ತವಾದರೆ ಹಸಿರು, ಪಟಾಕಿಯವರ ಉಪ್ಪಾದರೆ ಕೆಂಪು, ಬೂದಿಯ ಉಪ್ಪಾದರೆ ತೆಳು ನೇರಳೆ. ಅಡುಗೆ ಉಪ್ಪಿನ ಹಳದಿ ಮಾತ್ರ ಕರೆಯದಿದ್ದರೂ ಎಲ್ಲದರಲ್ಲೂ ಬಂದು ಕೂರುತ್ತದೆ, ಅದಕ್ಕೆ ಒಂದು ನೀಲಿ ಗಾಜು ಅಡ್ಡ ಹಿಡಿದರೆ ತೆಪ್ಪಗಾಗುತ್ತದೆ. ಬಣ್ಣಗಳು ನಾಲ್ಕಾರೇ, ಮನೆಗಳು ಮುನ್ನೂರು. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಹೊತ್ತು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮುನ್ನೂರು ಮನೆಯ ಬಣ್ಣವೂ ನನಗೆ ಬಾಯಿಪಾಠವಾಗಿತ್ತು.

ಊರಿನಲ್ಲಿ ಯಾರು ಯಾರ ಮನೆಗೆ ಹೋಗುತ್ತಾರೆ, ಯಾರ ಜೊತೆ ಯಾರಿಗೆ ಮುನಿಸು, ಎಲ್ಲವೂ ಈ ಪೊಟ್ಟಣಗಳಿಂದಲೇ ನಡೆಯುತ್ತಿತ್ತು. ಕಳ್ಳತನವೂ ಇತ್ತು. ಹುಡುಗರು ತಮ್ಮ ಮನೆ ಒಲೆಯ ಬೂದಿಯನ್ನೇ ಪೊಟ್ಟಣ ಕಟ್ಟಿಕೊಂಡು, ತಮಗೆ ಇಷ್ಟವಾದ ಹುಡುಗಿಯ ಬಾಗಿಲಿಗೆ ಹೋಗಿ ‘ನಿಮ್ಮದು ನಮ್ಮಲ್ಲಿತ್ತು’ ಎಂದು ರಾಗ ಎಳೆಯುತ್ತಿದ್ದರು. ಹುಡುಗಿಯ ಅಪ್ಪನಿಗೆ ಅನುಮಾನ ಬಂದರೆ ಪೊಟ್ಟಣ ನನ್ನ ಮೇಜಿಗೆ ಬರುತ್ತಿತ್ತು. ನಾನು ದೀಪಕ್ಕೆ ಹಿಡಿದು, ‘ಇದು ಇವರದ್ದಲ್ಲ’ ಎಂದು ಕೆಂಪು ಮೊಹರು ಗುದ್ದಿ ಕಳಿಸುತ್ತಿದ್ದೆ. ಹೀಗೆ ಹದಿನೇಳು ಪ್ರೇಮಗಳನ್ನು ಹಿಡಿದುಹಾಕಿದ್ದೇನೆ. ಆಗ ಅದು ಬಹಳ ದೊಡ್ಡ ಸಾಧನೆ ಅನ್ನಿಸಿತ್ತು.

ಇನ್ನು ನನ್ನ ಮನೆ. ಪರೀಕ್ಷಕರ ಧೂಳು ಪರೀಕ್ಷೆಯ ಧೂಳಿಗೆ ಬೆರೆಯಬಾರದು, ಆದ್ದರಿಂದ ಪರೀಕ್ಷಕರು ಮನೆಯಲ್ಲಿ ಒಲೆ ಹಚ್ಚಬಾರದು ಎಂಬುದು ನಿಯಮ. ನಾನು ಈ ಕೆಲಸಕ್ಕೆ ಅರ್ಜಿ ಹಾಕಿದ್ದೇ ಆ ನಿಯಮ ಓದಿ! ನಮ್ಮಮ್ಮ ಒಲೆಯ ಮುಂದೆ ಕೂತು ಕೆಮ್ಮಿ ಕೆಮ್ಮಿ ಸವೆದದ್ದನ್ನು ನೋಡಿದ್ದವಳು ನಾನು, ಸೌಟು ಮುಟ್ಟುವುದಿಲ್ಲ ಎಂದು ಹತ್ತು ವರ್ಷಕ್ಕೇ ಶಪಥ ಮಾಡಿದ್ದೆ. ನನ್ನನ್ನು ನೋಡಲು ಬಂದ ನಾಲ್ಕು ಗಂಡುಗಳು ‘ಹುಡುಗಿಗೆ ಅಡುಗೆ?’ ಎಂದು ಕೇಳಿ, ‘ಕಾನೂನು ಪ್ರಕಾರ ಇಲ್ಲ’ ಎಂಬ ಉತ್ತರ ಕೇಳಿ, ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಆ ಉಪ್ಪಿಟ್ಟೂ ಹೊರಗಿನಿಂದ ತರಿಸಿದ್ದು. ಅವರು ಹೋದದ್ದಕ್ಕೆ ನನಗೆ ಒಂದು ದಿನವೂ ಬೇಜಾರಾಗಲಿಲ್ಲ. ಬೇಜಾರಾಗುತ್ತಿದ್ದುದು ನಾಲ್ಕು ಗಂಟೆಯ ಮೇಲೆ. ನನಗೆ ಒಲೆ ಇಲ್ಲ, ಒಲೆ ಇಲ್ಲದ ಮೇಲೆ ಧೂಳಿಲ್ಲ, ಧೂಳಿಲ್ಲದ ಮೇಲೆ ನನ್ನ ಬಾಗಿಲು ತಟ್ಟುವವರಿಲ್ಲ. ಇಡೀ ಊರು ಪೊಟ್ಟಣ ಹಿಡಿದು ಮನೆಯಿಂದ ಮನೆಗೆ ಓಡಾಡುವುದನ್ನು ಕಿಟಕಿಯಿಂದ ನೋಡಿಕೊಂಡು ಕೂರುತ್ತಿದ್ದೆ.

ಊಟ ತಿಂಡಿ ಎಲ್ಲ ಸಿಂಗ್ರಯ್ಯನವರ ಹೋಟೆಲಿನಿಂದ. ಹೋಟೆಲು ಅಂದರೆ ಒಂದು ಹೆಂಚು, ಎರಡು ಬೆಂಚು. ಹೆಂಡತಿ ತೀರಿಹೋಗಿ ಬಹಳ ವರ್ಷವಾದ ಒಂಟಿ ಮನುಷ್ಯ, ಮಾತು ಕಡಿಮೆ, ದೋಸೆ ಮಾತ್ರ ಊರಿನಲ್ಲೇ ಇಲ್ಲದಂಥದ್ದು. ಸಂಜೆ ನಾಲ್ಕೂವರೆಗೆ ಕ್ಯಾರಿಯರಿನಲ್ಲಿ ದೋಸೆ ಇಟ್ಟುಕೊಂಡು ತಾವೇ ಕಚೇರಿಗೆ ತಂದುಕೊಡುತ್ತಿದ್ದರು. ಆರಬಾರದೆಂದು ಹೊರಡುವ ಗಳಿಗೆಯವರೆಗೂ ಕ್ಯಾರಿಯರನ್ನು ಒಲೆಯ ಅಂಚಿನಲ್ಲೇ ಇಟ್ಟಿರುತ್ತಿದ್ದರು. ಅದರ ತಳವೆಲ್ಲ ಮಸಿ. ನಾನು ತಿನ್ನುವವರೆಗೆ ಬಾಗಿಲ ಹತ್ತಿರ ನಿಂತಿದ್ದು, ‘ಉಪ್ಪು ಸರಿಯಾಗಿತ್ತಾ ಕನಕಮ್ನೋರೆ?’ ಎಂದು ಕೇಳಿ, ಖಾಲಿ ಕ್ಯಾರಿಯರು ತೆಗೆದುಕೊಂಡು ಹೋಗುತ್ತಿದ್ದರು. ಇಪ್ಪತ್ತೆಂಟು ವರ್ಷ ನಮ್ಮಿಬ್ಬರ ನಡುವೆ ನಡೆದ ಮಾತು ಬಹುಪಾಲು ಉಪ್ಪಿನದ್ದೇ.

ಆ ವರ್ಷ ಬೇಸಿಗೆಗೆ ಮುಂಚೆ ನಮ್ಮ ಪಟ್ಟಣ ಸಭೆಯ ಅಧ್ಯಕ್ಷರು ಕೆಂಪರಾಜಯ್ಯನವರು ಕಚೇರಿಗೆ ಸುಣ್ಣ ಹೊಡೆಸಿದರು. ಎತ್ತರದ ಹಳೆಯ ಹೊಗೆಗೂಡು ಮುಂದಿನಿಂದ ನೋಡಲು ಚೆನ್ನಾಗಿಲ್ಲ ಎಂದು ಅದನ್ನು ಮುಚ್ಚಿಸಿ, ನನ್ನ ಮೇಜಿನ ಹಿಂದೆ ಗೋಡೆಗೆ ಒಂದು ಕಿಂಡಿ ಒಡೆಸಿದರು. ಕಿಂಡಿಯಾಚೆ ಶಾಕಾಂಬರಮ್ಮನವರ ತಾರಸಿ. ಶಾಕಾಂಬರಮ್ಮ ಯಾರೆಂದರೆ, ಊರಿನ ಸಂಡಿಗೆ ಹಪ್ಪಳದ ಅಧಿಪತಿ. ಅವರ ಬಾಯಿಗೆ ಹೆದರಿ ಕಾಗೆಗಳೂ ಆ ತಾರಸಿಗೆ ಇಳಿಯುತ್ತಿರಲಿಲ್ಲ.

ಏಪ್ರಿಲ್ ಮೊದಲ ವಾರದ ಒಂದು ಸಂಜೆ ಶಾಕಾಂಬರಮ್ಮ ಒಂದು ಮೊರ ಸಬ್ಬಕ್ಕಿ ಸಂಡಿಗೆ ಹೊತ್ತುಕೊಂಡು ಕಚೇರಿಗೆ ನುಗ್ಗಿದರು. ಬಿಳೀ ಸಂಡಿಗೆಯ ಮೇಲೆ ಬೂದು ಬಣ್ಣದ ನಯವಾದ ಪುಡಿ ಕೂತಿತ್ತು.

‘ನೋಡು ತಾಯಿ ನೋಡು! ಎರಡು ಸೇರು ಸಬ್ಬಕ್ಕಿ! ಯಾವ ಕರ್ಮದವರದು ಇದು? ಹೇಳು, ಈಗ್ಲೇ ಹೋಗಿ ಅವರ ತಲೆ ಮೇಲೇ ಸುರಿದು ಬರ್ತೀನಿ!’

‘ತಲೆ ಮೇಲೆ ಸುರಿಯೋ ಹಾಗಿಲ್ಲ. ಎರಡೂ ಕೈಯಲ್ಲಿ ಕೊಡಬೇಕು,’ ಎಂದೆ. ನಾನು ಆಗತಾನೇ ಕ್ಯಾರಿಯರು ಬಿಚ್ಚಿ, ದೋಸೆಯ ಮೊದಲ ತುತ್ತು ಬಾಯಿಗಿಟ್ಟಿದ್ದೆ. ಸಿಂಗ್ರಯ್ಯ ಬಾಗಿಲಲ್ಲಿ ನಿಂತಿದ್ದರು. ಕೈ ತೊಳೆದು ಬರೋಣವೆಂದರೆ ಶಾಕಾಂಬರಮ್ಮ ಬಿಡಬೇಕಲ್ಲ! ಎಡಗೈಯಲ್ಲಿ ತಂತಿ ಎತ್ತಿಕೊಂಡು, ಬಲಗೈ ಬೆರಳಲ್ಲಿ ತುದಿಯನ್ನು ಒಂದು ಸಲ ಒರೆಸಿ, ಧೂಳಿಗೆ ಅದ್ದಿ ದೀಪಕ್ಕೆ ಹಿಡಿದೆ.

ಹಸಿರು. ಅದರ ಬೆನ್ನಿಗೇ ಕೆಂಪು.

ಬಾಯಲ್ಲಿದ್ದ ದೋಸೆ ಅಗಿಯುವುದನ್ನೇ ನಿಲ್ಲಿಸಿದೆ. ಹಸಿರು, ಬೆನ್ನಿಗೇ ಕೆಂಪು ಎಂದರೆ ಸಿಂಗ್ರಯ್ಯನವರ ಗುರುತು. ನಾನೇ ಆರಿಸಿ ಕೊಟ್ಟಿದ್ದ ಉಪ್ಪು. ಹಿಂದೆ ಇನ್ನೇನೋ ಬಣ್ಣಗಳು ಕದಡಿದ ಹಾಗೆ ಕಂಡವು, ನಿಜ. ಕಂಡರೂ ಕಾಣದವಳ ಹಾಗೆ ಬಿಟ್ಟೆ. ಶಾಕಾಂಬರಮ್ಮ ಎದುರು ನಿಂತಿರುವಾಗ ‘ತಡೀರಿ, ಇನ್ನೊಂದು ಸಲ ನೋಡ್ತೀನಿ’ ಎಂದರೆ ನನ್ನ ಮರ್ಯಾದೆ ಏನಾಗಬೇಕು!

‘ಸಿಂಗ್ರಯ್ಯನವರದು,’ ಎಂದೆ. ಅವರದೇ ದೋಸೆ ಬಾಯಲ್ಲಿಟ್ಟುಕೊಂಡು ಅಂದೆ.

ಸಿಂಗ್ರಯ್ಯ ಶಾಕಾಂಬರಮ್ಮನ ಕಡೆ ತಿರುಗಿ ಎರಡೂ ಕೈ ಚಾಚಿದರು. ‘ಕೊಡಿ ತಾಯಿ. ಕನಕಮ್ನೋರು ಹೇಳಿದ್ಮೇಲೆ ಮುಗೀತು. ಬನ್ನಿ, ಹೋಟ್ಲಲ್ಲಿ ಕಾಫಿ ಕುಡ್ಕೊಂಡು ಹೋಗುವ್ರಂತೆ.’

ಅದು ಅಲ್ಲಿಗೇ ನಿಂತಿದ್ದರೆ ಸರಿಯಿತ್ತು. ಮರುದಿನ ಆ ಬೀದಿಯ ಆರು ಮನೆಯವರು ಅದೇ ಬೂದು ಪುಡಿ ತಂದರು. ಅದರ ಮರುದಿನ ಇಪ್ಪತ್ತು ಜನ. ವಾರ ಕಳೆಯುವುದರಲ್ಲಿ ದಿನಕ್ಕೆ ನಲವತ್ತು, ಐವತ್ತು ಪೊಟ್ಟಣ. ನಾನು ಪರೀಕ್ಷಿಸಿದಷ್ಟೂ ಪುಡಿ ಜಾಸ್ತಿಯಾಗುತ್ತಿತ್ತು. ಬರುವವರೆಲ್ಲ ನಾಲ್ಕರ ಮೇಲೆಯೇ ಬರುವವರು, ಅಂದರೆ ನನ್ನ ದೋಸೆಯ ಹೊತ್ತಿಗೆ. ಒಂದು ಕೈಯಲ್ಲಿ ತಿಂಡಿ, ಒಂದು ಕೈಯಲ್ಲಿ ತಂತಿ. ಪ್ರತಿ ಸಲವೂ ಹಸಿರು, ಬೆನ್ನಿಗೇ ಕೆಂಪು. ಪರೀಕ್ಷೆ ಮುಗಿದು ಮಿಕ್ಕ ಧೂಳನ್ನು ಎಸೆಯುವ ಹಾಗಿಲ್ಲವಲ್ಲ, ಅದನ್ನೆಲ್ಲ ಒಂದು ಬಾಣಲೆಗೆ ಸುರಿದು ಮರುದಿನ ಬೆಳಿಗ್ಗೆ ಸ್ಪಿರಿಟ್ ಹಾಕಿ ಸುಟ್ಟುಬಿಡುತ್ತಿದ್ದೆ. ಇಪ್ಪತ್ತೆಂಟು ವರ್ಷದಿಂದ ಹಾಗೆಯೇ ಮಾಡಿಕೊಂಡು ಬಂದಿದ್ದೆ. ಸುಟ್ಟರೆ ಮುಗಿಯಿತು ಎಂದು ತಿಳಿದಿದ್ದೆ.

ಸಿಂಗ್ರಯ್ಯನವರ ಹೋಟೆಲಿನ ಮುಂದೆ ಸಂಜೆ ಸಾಲು ನಿಲ್ಲತೊಡಗಿತು. ದೋಸೆಗಲ್ಲ, ಪೊಟ್ಟಣ ವಾಪಸು ಕೊಡಲಿಕ್ಕೆ. ಆ ಪುಣ್ಯಾತ್ಮ ಒಬ್ಬೊಬ್ಬರಿಗೂ ಕಾಫಿ ಕೊಟ್ಟು, ಪೊಟ್ಟಣಗಳನ್ನು ಗೋಣಿಚೀಲಕ್ಕೆ ತುಂಬಿಸಿಟ್ಟರು. ಒಂದು ಚೀಲ ತುಂಬಿತು, ಎರಡು ತುಂಬಿತು. ಹೊಗೆ ಕಡಿಮೆಯಾಗಲೆಂದು ಒಣ ಸೌದೆ ಹಾಕಿದರು, ಹೆಂಚಿಗೆ ಎಣ್ಣೆ ಕಡಿಮೆ ಮಾಡಿದರು. ದೋಸೆ ಹಲಗೆಯಾಯಿತು. ‘ಈಗ್ಲಾದ್ರೂ ಕಮ್ಮಿ ಆಯ್ತಾ ಕನಕಮ್ನೋರೆ?’ ಎಂದು ದಿನಾ ಕೇಳುತ್ತಿದ್ದರು. ಉಪ್ಪಿನ ವಿಷಯ ಕೇಳುವುದನ್ನೇ ಬಿಟ್ಟಿದ್ದರು.

ನಮ್ಮೂರಿನಲ್ಲಿ ಇನ್ನೊಂದು ನಿಯಮ ಇದೆ. ಒಬ್ಬರ ಧೂಳು ಮೂರು ಸಲ ಇನ್ನೊಬ್ಬರ ಆಹಾರದ ಮೇಲೆ ಬಿದ್ದರೆ ಅವರ ಒಲೆಯ ಬಾಯಿಗೆ ಒಂದು ವರ್ಷ ಮಣ್ಣು ಮೆತ್ತಬೇಕು. ಶಾಕಾಂಬರಮ್ಮನ ಸಂಡಿಗೆ ಮೂರನೆಯ ಸಲ ಹಾಳಾದ ದಿನ ಅಧ್ಯಕ್ಷರು ಶಾಲು ಹೊದ್ದುಕೊಂಡೇ ಬಂದರು. ಗಂಭೀರ ವಿಷಯವಾದರೆ ಸೆಕೆಗಾಲದಲ್ಲೂ ಅವರು ಶಾಲು ಬಿಡುವುದಿಲ್ಲ. ‘ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಣ್ಣು ಮೆತ್ತೋದು. ಕನಕವಲ್ಲಿ, ನಿಮ್ಮ ಸಹಿ ಬೇಕು,’ ಎಂದರು. ಸಹಿ ಹಾಕಿದೆ.

ಸಿಂಗ್ರಯ್ಯ ಗುರುವಾರದವರೆಗೂ ಕಾಯಲಿಲ್ಲ. ಸೋಮವಾರವೇ ಒಲೆ ಆರಿಸಿಬಿಟ್ಟರು. ಸಂಜೆ ಬರಿಗೈಯಲ್ಲಿ ಕಚೇರಿಗೆ ಬಂದು ನಿಂತರು.

‘ಇನ್ನೊಬ್ಬರ ಅನ್ನದ ಮೇಲೆ ನನ್ನ ಮಸಿ ಬೀಳ್ತಿದೆ ಅಂತ ಗೊತ್ತಾದ್ಮೇಲೆ ಬೆಂಕಿ ಹಚ್ಚೋಕೆ ಮನಸ್ಸು ಬರ್ಲಿಲ್ಲ. ತಿಂಡಿಗೆ ಬೇರೆ ಏರ್ಪಾಡು ಮಾಡ್ಕೊಳ್ಳಿ. ಶುಕ್ರವಾರ ನಮ್ಮಕ್ಕನ ಊರಿಗೆ ಹೋಗ್ತೀನಿ. ಅಲ್ಲೇ ಒಂದು ಹೆಂಚಿಟ್ಕೊಂಡು ಇದ್ದುಬಿಡ್ತೀನಿ.’

‘ಒಂದು ವರ್ಷ ಆದ್ಮೇಲೆ ಬರ್ತೀರಲ್ಲ?’ ಎಂದೆ.

‘ನೋಡಣ. ಅರವತ್ತಾಯ್ತು ಕನಕಮ್ನೋರೆ. ಆ ಹೆಂಚನ್ನ ಎಷ್ಟು ಸಲ ಅಂತ ಎತ್ತಿಳಿಸೋದು?’ ಎಂದು ನಕ್ಕು, ಅಭ್ಯಾಸಬಲದಿಂದ ಖಾಲಿ ಕ್ಯಾರಿಯರಿಗೆ ಕೈ ಚಾಚಿ, ಅದು ಇಲ್ಲವೆಂದು ನೆನಪಾಗಿ, ಹಾಗೇ ಹೊರಟುಹೋದರು. ನಾನು ಅವರು ಹೋದ ದಾರಿಯನ್ನೇ ನೋಡುತ್ತ ನಿಂತೆ. ಹಸಿವು ಅಂದುಕೊಂಡೆ. ಬಾಳೆಹಣ್ಣು ತಿಂದೆ, ನೆನೆಸಿದ ಅವಲಕ್ಕಿ ತಿಂದೆ. ಅದು ಹಸಿವಾಗಿರಲಿಲ್ಲ.

ಬುಧವಾರ ಸಂಜೆ ಶಾಕಾಂಬರಮ್ಮ ಮತ್ತೆ ಬಂದರು. ಈ ಸಲ ನುಗ್ಗಲಿಲ್ಲ, ಮೆಲ್ಲಗೆ ಬಂದರು. ಕೈಯಲ್ಲಿ ಅದೇ ಬೂದು ಪುಡಿ.

‘ಅಲ್ಲ ಕಣೇ, ಆ ಮನುಷ್ಯ ಒಲೆ ಆರಿಸಿ ಮೂರು ದಿನ ಆಯ್ತು. ಇದು ಮಾತ್ರ ನಿಂತಿಲ್ವಲ್ಲೇ?’

‘ಹಳೇದು ಇಳೀತಿರಬೇಕು,’ ಎಂದೆ.

‘ಹಳೇದು ಮೂರು ದಿನ ಮೇಲೇ ಕೂತಿರುತ್ತಾ? ಅದಕ್ಕೇನು ಅಲ್ಲಿ ಚಾಪೆ ಹಾಸಿದ್ದಾರಾ?’

ಅವರು ಹೋದ ಮೇಲೆ ತಂತಿ ಎತ್ತಿಕೊಂಡೆ. ಆವತ್ತು ನನ್ನ ಬೆರಳಲ್ಲಿ ದೋಸೆಯ ಎಣ್ಣೆ ಇರಲಿಲ್ಲ, ಕ್ಯಾರಿಯರಿನ ತಳದ ಮಸಿ ಇರಲಿಲ್ಲ. ಧೂಳಿಗೆ ಅದ್ದಿ, ನೀಲಿ ಗಾಜು ಹಿಡಿದು, ದೀಪಕ್ಕಿಟ್ಟೆ. ಹಸಿರಿನ ಬೆನ್ನಿಗೆ ಕೆಂಪು ಬರಲಿಲ್ಲ. ನೇರಳೆ ಬಂತು, ಅದು ಗಿರಣಿಯವರದು. ಕೆಂಪಿನ ಬೆನ್ನಿಗೆ ನೇರಳೆ ಬಂತು, ಶಾಕಾಂಬರಮ್ಮನದೇ. ಹಸಿರು ಎರಡು ಸಲ ಮಿನುಗಿತು, ಅಧ್ಯಕ್ಷರದು. ಆಮೇಲೆ ಇಟ್ಟಿಗೆ ಗೂಡಿನವರು, ಕಮ್ಮಾರರು, ಮೇಷ್ಟ್ರ ಮನೆ, ಬಸ್ಸಿನ ಬ್ರೇಕು. ಇಡೀ ಊರು ಆ ತಂತಿಯ ತುದಿಯ ಮೇಲೆ ಒತ್ತಿಕೊಂಡು ಕೂತಿತ್ತು. ಊರಿನ ಎಲ್ಲರ ಧೂಳೂ ಒಟ್ಟಿಗೆ ಸೇರುವ ಜಾಗ ಯಾವುದು? ಪುಡಿಯನ್ನು ಮೂಗಿಗೆ ಹಿಡಿದೆ. ಸ್ಪಿರಿಟ್ ವಾಸನೆ.

ಅಯ್ಯೋ ನನ್ನ ತಲೆಯೇ! ಸ್ಟೂಲು ಹತ್ತಿ ಕಿಂಡಿಯೊಳಗೆ ಕೈ ಹಾಕಿದೆ. ಕೈ ಮೊಣಕೈವರೆಗೆ ಬೂದಿಬಣ್ಣವಾಗಿ ಈಚೆ ಬಂತು. ದಿನಾ ಬೆಳಿಗ್ಗೆ ನಾನು ಬಾಣಲೆಯಲ್ಲಿ ಸುಟ್ಟದ್ದು ಆ ಕಿಂಡಿಯಿಂದ ಮೇಲೆ ಹೋಗಿ, ಮೂರು ಗಂಟೆಗೆ ಸರಿಯಾಗಿ ಶಾಕಾಂಬರಮ್ಮನ ಸಂಡಿಗೆಯ ಮೇಲೆ ಇಳಿಯುತ್ತಿತ್ತು. ಅವರು ಅದನ್ನು ನನಗೆ ತಂದುಕೊಡುತ್ತಿದ್ದರು. ನಾನು ಸುಡುತ್ತಿದ್ದೆ. ಮತ್ತೆ ಇಳಿಯುತ್ತಿತ್ತು. ಸಿಂಗ್ರಯ್ಯನವರ ಹಸಿರು ಕೆಂಪು ಬಂದದ್ದು ನನ್ನ ಬೆರಳಿನಿಂದ. ದೋಸೆ ತಿಂದ ಕೈ ತೊಳೆಯದೆ, ದೋಸೆ ಕೊಟ್ಟವರನ್ನೇ ಹಿಡಿದುಕೊಟ್ಟಿದ್ದೆ.

ಸ್ಟೂಲಿನ ಮೇಲೇ ಕೂತುಬಿಟ್ಟೆ. ಮನಸ್ಸು ಎಂಥ ಚಾಂಡಾಲ ನೋಡಿ, ಮೊದಲು ಹುಡುಕಿದ್ದು ತಪ್ಪಿಸಿಕೊಳ್ಳುವ ದಾರಿಯನ್ನೇ. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ನಾಳೆಯಿಂದ ಸುಡದಿದ್ದರೆ ಪುಡಿ ಬೀಳುವುದಿಲ್ಲ. ಒಲೆಗೆ ಮಣ್ಣು ಮೆತ್ತಿದ್ದರಿಂದಲೇ ನಿಂತಿತು ಎಂದು ಊರು ಅಂದುಕೊಳ್ಳುತ್ತದೆ. ನನ್ನ ಹೆಸರು ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಸೌಟು ಮುಟ್ಟದ ಶಪಥವೂ ಉಳಿಯುತ್ತದೆ. ಹೇಳಿದರೋ, ಧೂಳಿದ್ದವಳು ಪರೀಕ್ಷಕಿಯಾಗಿರುವ ಹಾಗಿಲ್ಲ, ಮೂರೂ ಹೋಗುತ್ತವೆ. ಎಲ್ಲ ಸರಿಯಾಗಿಯೇ ಲೆಕ್ಕ ಹಾಕಿದೆ. ಆದರೆ ನಾಲ್ಕೂವರೆಗೆ ಬಾಗಿಲಲ್ಲಿ ನಿಂತು ‘ಉಪ್ಪು ಸರಿಯಾಗಿತ್ತಾ’ ಎಂದು ಕೇಳುವ ಮನುಷ್ಯ ಇಲ್ಲದ ಊರಿನಲ್ಲಿ ಈ ಹೆಸರು ಇಟ್ಟುಕೊಂಡು ಏನು ಮಾಡಲಿ ಎಂಬುದು ಮಾತ್ರ ಆ ಲೆಕ್ಕಕ್ಕೆ ಕೂರಲಿಲ್ಲ. ಅತ್ತುಬಿಟ್ಟೆ. ಬೂದಿ ಕೈಯಲ್ಲೇ ಕಣ್ಣೊರೆಸಿಕೊಂಡು, ಮುಖವೆಲ್ಲ ಮಸಿ ಮಾಡಿಕೊಂಡೆ.

ಗುರುವಾರ ಹತ್ತು ಗಂಟೆಗೆ ಹೋಟೆಲಿನ ಮುಂದೆ ಊರೆಲ್ಲ ಸೇರಿತ್ತು. ಅಧ್ಯಕ್ಷರು ಶಾಲಿನಲ್ಲಿ ಬೆವರುತ್ತಿದ್ದರು. ಸಿಂಗ್ರಯ್ಯ ಪಂಚೆ ಎತ್ತಿ ಕಟ್ಟಿ ತಾವೇ ಮಣ್ಣು ಕಲಸುತ್ತಿದ್ದರು. ಸಭೆಯಿಂದ ಬಂದ ಆಳು ನೀರು ಜಾಸ್ತಿ ಹಾಕಿದನಂತೆ, ‘ಹಿಂಗೆ ಕಲಸಿದ್ರೆ ನಾಳೆಗೇ ಬಿರುಕು ಬಿಡುತ್ತೆ, ತತ್ತ ಇಲ್ಲಿ’ ಎಂದು ಅವನ ಕೈಯಿಂದ ಕಿತ್ತುಕೊಂಡಿದ್ದರು. ತಮ್ಮ ಒಲೆ ಮುಚ್ಚುವ ಮಣ್ಣನ್ನೂ ದೋಸೆ ಹಿಟ್ಟಿನ ಹದಕ್ಕೆ ತಂದಿದ್ದರು.

ನಾನು ಜನರನ್ನು ಸರಿಸಿಕೊಂಡು ಮುಂದೆ ಹೋದೆ. ಗೋಡೆಗೆ ಒರಗಿಸಿದ್ದ ಗೋಣಿಚೀಲಗಳ ಹತ್ತಿರ ನಿಂತು, ಎರಡೂ ಕೈ ಚಾಚಿ ಹೇಳಿದೆ, ‘ಸಿಂಗ್ರಯ್ಯನೋರೆ, ನಮ್ಮದು ನಿಮ್ಮಲ್ಲಿತ್ತು.’

ಯಾರಿಗೂ ಅರ್ಥವಾಗಲಿಲ್ಲ. ನಮ್ಮೂರಿನಲ್ಲಿ ಆ ಮಾತನ್ನು ಹಾಗೆ ತಿರುಗಿಸಿ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಧೂಳನ್ನು ಕೊಡಲು ಬರುತ್ತಾರೆಯೇ ಹೊರತು ಕೇಳಿಕೊಂಡು ಯಾರಾದರೂ ಬರುತ್ತಾರೆಯೇ?

ಅಧ್ಯಕ್ಷರು ಮೆಲ್ಲಗೆ ತಿದ್ದಿದರು. ‘ನಿಮ್ಮದು ನಮ್ಮಲ್ಲಿತ್ತು ಅನ್ಬೇಕು ಕನಕವಲ್ಲಿ. ಬಾಯಿ ತಪ್ಪಿತು.’

‘ಬಾಯಿ ತಪ್ಪಿಲ್ಲ ಸ್ವಾಮಿ. ಕೈ ತಪ್ಪಿತ್ತು,’ ಎಂದೆ. ಕಿಂಡಿ, ಬಾಣಲೆ, ಬೆರಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ‘ಈ ಚೀಲದಲ್ಲಿರೋದೆಲ್ಲ ನನ್ನದು. ಇವರದು ಒಂದು ಚಿಟಿಕೆಯೂ ಇಲ್ಲ. ನನಗೆ ಗೊತ್ತಾಗಲಿಲ್ಲ.’

ಹಾಗೆ ಆ ಮಾತು ನನ್ನ ಬಾಯಿಂದ ಬಂತು, ಇಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ. ಭೂಮಿ ಬಾಯಿ ಬಿಡಲಿಲ್ಲ. ಶಾಕಾಂಬರಮ್ಮ ಮಾತ್ರ ಬಿಟ್ಟರು. ‘ಅಯ್ಯೋ ಮಹರಾಯ್ತಿ! ಹಂಗಾದ್ರೆ ನಾನು ನಿನ್ನ ಧೂಳನ್ನ ನಿನಗೇ ತಂದುಕೊಟ್ಟು ಯಾರದು ಅಂತ ಕೇಳ್ತಿದ್ನಾ?’

ಸಿಂಗ್ರಯ್ಯ ಮಣ್ಣಿನ ಕೈಯಲ್ಲೇ ಎದ್ದು ನಿಂತರು. ಬೈಯುತ್ತಾರೆ ಎಂದು ಕಾದೆ. ಬೈಯಬೇಕಿತ್ತು ಅನ್ನಿ. ಅವರು ಚೀಲಗಳನ್ನು ನೋಡಿ, ನನ್ನನ್ನು ನೋಡಿ, ‘ಅಷ್ಟೂ ನಿಮ್ದೇನಾ?’ ಎಂದರು.

‘ಅಷ್ಟೂ ನಂದೇ.’

‘ಹಂಗಾದ್ರೆ ತಗೊಂಡವರು ಬಿಸಿಯಾಗಿ ಕುಡಿಯೋಕೆ ಕೊಡ್ಬೇಕಲ್ಲ. ಏನ್ ಕೊಡ್ತೀರಿ?’

ನನ್ನ ಹತ್ತಿರ ಏನಿತ್ತು? ‘ನನಗೆ ಒಲೆ ಇಲ್ಲವಲ್ಲ,’ ಎಂದೆ. ಊರು ಗೊಳ್ಳೆಂದು ನಕ್ಕಿತು. ಅಧ್ಯಕ್ಷರೂ ನಕ್ಕು, ಶಾಲು ತೆಗೆದು ಹೆಗಲಿಗೆ ಹಾಕಿಕೊಂಡರು. ಆ ಮಣ್ಣು ವ್ಯರ್ಥವಾಗಬಾರದೆಂದು ಅದನ್ನು ಒಯ್ದು ಕಚೇರಿಯ ಕಿಂಡಿಗೆ ಮೆತ್ತಿದರು. ಇವತ್ತಿಗೂ ಒಂದು ಬಿರುಕು ಬಿಟ್ಟಿಲ್ಲ.

ಕೆಲಸ ಹೋಯಿತು. ಮಧ್ಯಾಹ್ನವೇ ಕಚೇರಿಯ ಬೀಗದ ಕೈ ಕೊಟ್ಟೆ. ಹೊಸ ಪರೀಕ್ಷಕರು ಬೇಕೆಂದು ಸಭೆಯವರು ಹಲಗೆಯ ಮೇಲೆ ಬರೆದು, ಕೆಳಗೆ ‘ಒಲೆ ಹಚ್ಚುವಂತಿಲ್ಲ’ ಎಂಬ ನಿಯಮವನ್ನೂ ಬರೆದದ್ದೇ ತಡ, ಊರಿನ ನಲವತ್ತಮೂರು ಹೆಂಗಸರು ಅರ್ಜಿ ಹಾಕಿದರು. ಕೆಲಸ ಶಾಕಾಂಬರಮ್ಮನಿಗೆ ಸಿಕ್ಕಿತು. ಸಂಡಿಗೆ ನೋಡಿ ನೋಡಿ ಬಿಳುಪಿನ ಮೇಲೆ ಏನು ಬಿದ್ದರೂ ಕಾಣುವ ಕಣ್ಣು ಅವರದು. ಅವರ ಯಜಮಾನರು ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಸಿಂಗ್ರಯ್ಯನವರ ಹೋಟೆಲಿನ ಬೆಂಚಿನ ಮೇಲೆ ಬಂದು ಕೂತರು. ಶಾಕಾಂಬರಮ್ಮ ಕುರ್ಚಿಯಲ್ಲಿ ಕೂತು ಮಾಡಿದ ಮೊದಲ ಕೆಲಸ ನನಗೆ ಗುರುತಿನ ಉಪ್ಪು ಕೊಟ್ಟದ್ದು. ಬರೀ ನೇರಳೆ. ‘ದಿನಾ ಬೆಳಿಗ್ಗೆ ಒಂದು ಚಿಟಿಕೆ. ಮರೀಬೇಡ. ನನ್ನ ಕಣ್ಣು ತಪ್ಪಿಸೋಕಾಗಲ್ಲ,’ ಎಂದು ಬೆರಳಾಡಿಸಿದರು. ಇಷ್ಟು ಬೇಗ ಜಂಬ ಹೇಗೆ ಬಂತೋ ಕಾಣೆ.

ಮನೆಯಲ್ಲಿ ಒಲೆ ಹೂಡಿದೆ. ಆವತ್ತೇ ಸಂಜೆ ನಾಲ್ಕಕ್ಕೆ ಬಾಗಿಲು ತಟ್ಟಿದ ಸದ್ದಾಯಿತು. ಗಾಳಿಯಿರಬೇಕು ಎಂದುಕೊಂಡು, ಮೂರಕ್ಕೇ ಗಾಳಿ ನಿಂತದ್ದು ನೆನಪಾಗಿ, ಹೋಗಿ ತೆರೆದೆ. ಮೇಷ್ಟ್ರ ಹೆಂಡತಿ ಪೊಟ್ಟಣ ಹಿಡಿದು ನಿಂತಿದ್ದರು, ಅವರ ಹಿಂದೆ ಗಿರಣಿಯವರು, ಅವರ ಹಿಂದೆ ತಿರುವಿನವರೆಗೆ ಸಾಲು. ‘ನಿಮ್ಮದು ನಮ್ಮಲ್ಲಿತ್ತು ಕನಕಮ್ಮ,’ ಎಂದರು. ಊರಿನ ಮಕ್ಕಳೂ ದಿನಕ್ಕೆ ಹತ್ತು ಸಲ ಕೇಳುವ ಆ ಮಾತನ್ನು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು ಬಾಗಿಲನ್ನು ಪೂರ್ತಿ ತೆರೆದೆ. ಒಲೆಯ ಹೊಗೆ ಎಂದೆ. ಆವತ್ತು ಎಲ್ಲರಿಗೂ ಕೊಟ್ಟದ್ದು ಬಿಸಿನೀರು. ಮರುದಿನ ಕಾಫಿ ಮಾಡಿದೆ. ಗಿರಣಿಯವರು ಒಂದು ಗುಟುಕು ಕುಡಿದು, ‘ನಿನ್ನೇದೇ ಚೆನ್ನಾಗಿತ್ತು’ ಎಂದರು.

ಗೂಡುಗಳಲ್ಲಿ, ಅಟ್ಟಗಳಲ್ಲಿ ಮಿಕ್ಕಿದ್ದ ನನ್ನ ಪುಡಿ ಹದಿನೈದು ದಿನ ವಾಪಸು ಬಂತು. ಆಮೇಲೆ ಸಾಲು ಕರಗಿತು. ಸುಡುವವರೇ ಇಲ್ಲದ ಮೇಲೆ ಬೀಳುವುದೇನು? ಒಂಟಿ ಹೆಂಗಸಿನ ಒಲೆಯ ಹೊಗೆ ಅಂಗಳ ದಾಟುವುದಿಲ್ಲ. ಸಿಂಗ್ರಯ್ಯನವರ ಒಲೆ ಮತ್ತೆ ಹತ್ತಿ, ದೋಸೆಗೆ ಜನ ಮೊದಲಿಗಿಂತ ಜಾಸ್ತಿಯಾಗಿದ್ದರು. ನಾನು ಆ ಕಡೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಮೂರು ದಿನ ಯಾರೂ ಬರಲಿಲ್ಲ. ಆದರೂ ನಾಲ್ಕು ಗಂಟೆಗೆ ನೀರು ಕಾಯಲಿಟ್ಟುಕೊಂಡು ಕೂರುತ್ತಿದ್ದೆ.

ನಾಲ್ಕನೆಯ ದಿನ ನಾಲ್ಕೂವರೆಗೆ ಬಾಗಿಲು ತಟ್ಟಿತು. ಸಿಂಗ್ರಯ್ಯ ಮಡಿಕೆ ಕೆಡದ ಬಿಳಿ ಅಂಗಿ ತೊಟ್ಟು ನಿಂತಿದ್ದರು. ಕೈಯಲ್ಲಿ ಕ್ಯಾರಿಯರು ಇರಲಿಲ್ಲ. ಎರಡೂ ಕೈಯಲ್ಲಿ ಒಂದು ಸಣ್ಣ ಪೊಟ್ಟಣ ಹಿಡಿದಿದ್ದರು. ನೆಲ ನೋಡಿಕೊಂಡು ಹೇಳಿದರು, ‘ನಿಮ್ಮದು ನಮ್ಮಲ್ಲಿತ್ತು.’

ಪೊಟ್ಟಣ ತೆಗೆದುಕೊಂಡೆ. ಅಭ್ಯಾಸ ಬಿಡಬೇಕಲ್ಲ, ಬಿಚ್ಚಿ ಒಂದು ಚಿಟಿಕೆಯನ್ನು ಒಲೆಯ ಉರಿಗೆ ಹಾಕಿದೆ. ಉರಿ ಒಂದು ಸಲ ಎದ್ದು ಕೂತಿತು. ಹಸಿರು. ಅದರ ಬೆನ್ನಿಗೇ ಕೆಂಪು. ಈ ಸಲ ನನ್ನ ಕೈ ತೊಳೆದಿತ್ತು.

ಅವರೂ ನೋಡಿದರು. ಅರವತ್ತರ ಮನುಷ್ಯ, ಕಿವಿಯವರೆಗೆ ಕೆಂಪಾದರು. ‘ಯಾರದು ಅಂತ ಗೊತ್ತಾಯ್ತಾ ಕನಕಮ್ನೋರೆ?’ ಎಂದು ಮೆಲ್ಲಗೆ ಕೇಳಿದರು.

‘ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದವಳು ನಾನು,’ ಎಂದೆ. ‘ನಮ್ಮದೇ. ಒಳಗೆ ಬನ್ನಿ.’